ಬೆಳ್ಳುಳ್ಳಿ ದುಬಾರಿಯಾಯಿತು ಎನ್ನುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಬೆಳ್ಳುಳ್ಳಿಯ ಬೆಲೆ ಏರಿದಾಗಲೆಲ್ಲ ನಿಮಗೆ ಸಿಟ್ಟು ಬರುತ್ತದೆ. 2024ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಕಿಲೋಗೆ 400 ರೂಪಾಯಿ ಮುಟ್ಟಿದಾಗ ಬಂದ ಸಿಟ್ಟು ನ್ಯಾಯವಾದದ್ದೇ. ಸಾರಿನ ಒಗ್ಗರಣೆಗೆ ಆರು ಎಸಳು ಜಜ್ಜುತ್ತಿದ್ದವರು ಎರಡಕ್ಕೆ ಇಳಿದರು. ಆದರೆ ಆ ಸಿಟ್ಟು ಬರುವ ಹೊತ್ತಿಗೆ ಹಿತ್ತಲಲ್ಲಿ ಬೆಳ್ಳುಳ್ಳಿ ಊರುವ ಹದ ಮೀರಿರುತ್ತದೆ. ಅದಕ್ಕೇ ಈ ಪತ್ರವನ್ನು ಶೀಗಿ ಹುಣ್ಣಿಮೆಗೆ ಮೊದಲೇ ಬರೆಯುತ್ತಿದ್ದೇನೆ.

ಹೇಳಬೇಕಾದ ಮಾತು ಇಷ್ಟೇ: ಬುಟ್ಟಿಯಲ್ಲಿರುವ ಅತಿ ದಪ್ಪ ಗಡ್ಡೆಯನ್ನು ತಿನ್ನಬೇಡಿ, ಮಣ್ಣಿಗೆ ಹಾಕಿ.

ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವುದಿಲ್ಲ. ಎಸಳೇ ಅದರ ಬೀಜ. ಇವತ್ತು ನೀವು ಸುಲಿಯುತ್ತಿರುವ ಗಡ್ಡೆ, ಹಿಂದಿನ ವರ್ಷ ಯಾರೋ ತಿನ್ನದೆ, ಮಾರದೆ ಉಳಿಸಿದ ಒಂದು ಎಸಳಿನಿಂದ ಬಂದದ್ದು. ರಾಗಿಯನ್ನಾದರೆ ವರ್ಷಗಟ್ಟಲೆ ಕಾಪಿಡಬಹುದು. ಬೆಳ್ಳುಳ್ಳಿ ಕಾಯುವುದಿಲ್ಲ, ಮೊಳೆತುಬಿಡುತ್ತದೆ, ಇಲ್ಲವೇ ಒಳಗೇ ಒಣಗಿ ಜೊಳ್ಳಾಗುತ್ತದೆ. ಒಂದು ಊರಿನವರೆಲ್ಲ ಒಂದೇ ಒಂದು ವರ್ಷ ಕೈಬಿಟ್ಟರೆ ಆ ಊರಿನ ತಳಿ ಮುಗಿಯಿತು. ಗದಗ, ಹಾವೇರಿ, ಧಾರವಾಡದ ಕಡೆಯ ಜವಾರಿ ಬಳ್ಳೊಳ್ಳಿಯ ಎಸಳು ಸಣ್ಣದು, ಸುಲಿಯಲು ಬೇಸರ, ಘಾಟು ಮಾತ್ರ ಕಣ್ಣಲ್ಲಿ ನೀರು ತರಿಸುವಂಥದು. ರೊಟ್ಟಿಯ ಜೊತೆ ಕೆಂಪು ಚಟ್ನಿ ತಿಂದವರಿಗೆ ಅದರ ಬೆಲೆ ಗೊತ್ತು. ಸುಲಿಯಲು ಸುಲಭವೆಂದು ದಪ್ಪ ಎಸಳಿನದನ್ನೇ ಆರಿಸಿಕೊಳ್ಳುವ ನಾವು, ಆ ಸಣ್ಣ ಎಸಳನ್ನು ಹೊಲದಿಂದಲೇ ಹೊರಗೆ ತಳ್ಳುತ್ತಿದ್ದೇವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ರೈತ ಯಾಕೆ ಹೆಚ್ಚು ಹಾಕುವುದಿಲ್ಲ ಎಂದು ಕೇಳುತ್ತೀರಿ. ಎಕರೆಗೆ ಸುಮಾರು 2 ಕ್ವಿಂಟಲ್ ಬಿತ್ತನೆ ಎಸಳು ಬೇಕು. ನೀವು ಕೊಟ್ಟ ಅದೇ 400ರ ದರ ಹಿಡಿದರೆ ಬೀಜಕ್ಕೇ 80 ಸಾವಿರ ರೂಪಾಯಿ. ಸಗಟು ದರ ಅದರ ಅರ್ಧವೇ ಎಂದುಕೊಂಡರೂ ಸಣ್ಣ ಹಿಡುವಳಿಯವರ ಕೈಗೆ ಎಟುಕುವ ಮೊತ್ತವಲ್ಲ. ಬೆಲೆ ಏರಿದ ವರ್ಷವೇ ಬೀಜವೂ ದುಬಾರಿ. ಸಾಲ ಮಾಡಿ ಹಾಕಿದವನ ಬೆಳೆ ಕೈಗೆ ಬರುವಾಗ ಎಲ್ಲರ ಬೆಳೆಯೂ ಒಟ್ಟಿಗೇ ಬಂದು ದರ ನೆಲಕಚ್ಚಬಹುದು.

ಹಾಗಾಗಿ ನಿಮ್ಮ ಪಾಲಿನದನ್ನು ನೀವು ಹಾಕಿ. ಹಿತ್ತಲಿದ್ದರೆ ಒಂದು ಮಡಿ, ಇಲ್ಲದಿದ್ದರೆ ತಾರಸಿಯ ಮೇಲೆ ಒಂದು ಗೇಣು ಆಳದ ಕುಂಡ. ಶೀಗಿ ಹುಣ್ಣಿಮೆಯಿಂದ ದೀಪಾವಳಿಯ ಆಸುಪಾಸಿನವರೆಗೆ ಒಳ್ಳೆಯ ಕಾಲ. ಗಡ್ಡೆಯನ್ನು ಊರುವ ದಿನವೇ ಬಿಡಿಸಿ, ಮೊದಲೇ ಬಿಡಿಸಿಟ್ಟರೆ ಎಸಳು ಬಾಡುತ್ತದೆ. ಸಿಪ್ಪೆ ಸುಲಿಯಬೇಡಿ. ಹೊರಸುತ್ತಿನ ದಪ್ಪ ಎಸಳುಗಳನ್ನಷ್ಟೇ ಆರಿಸಿ, ನಡುವಿನ ಸಣ್ಣವು ಅಡುಗೆಗೆ ಇರಲಿ. ಕೈಯಲ್ಲಿ ಹಿಡಿದು ನೋಡಿ: ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಒರಟಾದ ಚಪ್ಪಟೆ ಗುರುತು. ಬೇರು ಬಿಡುವುದು ಅಲ್ಲಿಂದ. ಚೂಪು ತುದಿ ಮೇಲೆ ಬರುವಂತೆ 2–3 ಸೆಂಟಿಮೀಟರ್ ಆಳಕ್ಕೆ, ಎಸಳಿಂದ ಎಸಳಿಗೆ ನಾಲ್ಕು ಬೆರಳು ಅಂತರ ಬಿಟ್ಟು ಊರಿ. ತಲೆಕೆಳಗಾಗಿ ಊರಿದರೂ ಮೊಳಕೆ ಬರುತ್ತದೆ, ಆದರೆ ಸುತ್ತಿಕೊಂಡು ಮೇಲೇರುವುದರಲ್ಲೇ ಅದರ ಶಕ್ತಿ ಸೋರುತ್ತದೆ. ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ನೀರು ನಿಂತರೆ ಮಾತ್ರ ಕೊಳೆಯುವುದು ಖಂಡಿತ.

ಹಿಮಾಚಲ, ಕಾಶ್ಮೀರದ ಕಡೆಯಿಂದ ಬರುವ ದಪ್ಪ ಎಸಳನ್ನು ಬಿತ್ತನೆಗೆ ತರಬೇಡಿ. ಅಲ್ಲಿನ ತಳಿಗಳಿಗೆ ಗಡ್ಡೆ ಕಟ್ಟಲು ದೀರ್ಘ ಹಗಲು ಬೇಕು. ನಮ್ಮ ಮಾಗಿಯ ಗಿಡ್ಡ ಹಗಲಿನಲ್ಲಿ ಅವು ಸೊಂಪಾಗಿ ಎಲೆ ಬಿಟ್ಟು ನಿಲ್ಲುತ್ತವೆ, ಕೆಳಗೆ ಹೇಳಿಕೊಳ್ಳುವಂಥ ಗಡ್ಡೆ ಇರುವುದಿಲ್ಲ. ಸಂತೆಯಲ್ಲಿ ಕೂತ ರೈತ ಮಹಿಳೆಯನ್ನು 'ಇದು ನಿಮ್ಮ ಹೊಲದ್ದೇನು?' ಎಂದು ಕೇಳಿ ತನ್ನಿ. ಬಯಲುಸೀಮೆಗೆ ಹೊಂದುವ ಯಮುನಾ ಸಫೇದ್, ಭೀಮಾ ಪರ್ಪಲ್‌ನಂಥ ಸುಧಾರಿತ ತಳಿಗಳೂ ಇವೆ. ನನ್ನ ಮನಸ್ಸು ಜವಾರಿಯ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ.

ಮಡಿಯ ಅಂಚಿಗೆ ಮೆಂತ್ಯ ಚೆಲ್ಲಿ. ಬೆಳ್ಳುಳ್ಳಿಗೆ ಜಾಗ ಬೇಕಾಗುವ ಹೊತ್ತಿಗೆ ಅದು ಕಿತ್ತು ಪಲ್ಯವಾಗಿರುತ್ತದೆ. ಮೂಲಂಗಿ, ಗಜ್ಜರಿ, ಕೊತ್ತಂಬರಿಗೂ ಈ ಚಳಿಯೇ ಬೇಕು. ಅವರೆ ಬಳ್ಳಿ ಮಳೆಗಾಲದಲ್ಲೇ ಚಪ್ಪರ ಹತ್ತಿದ್ದರೆ, ಇಬ್ಬನಿ ಬಿದ್ದಂತೆ ಕಾಯಿಗೆ ಸೊಗಡು ಕೂಡುತ್ತದೆ.

ಪುಷ್ಯ, ಮಾಘದಲ್ಲಿ ಎಲೆಯ ಮೇಲೆ ಬೆಳ್ಳಗಿನ ಗೀರು ಕಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ. ಎಲೆಯ ಬುಡ ಬಿಡಿಸಿ ನೋಡಿ, ಅವಿತಿರುವುದು ಅಲ್ಲೇ. ಶಿವರಾತ್ರಿಯ ಸುಮಾರಿಗೆ ಎಲೆ ಹಳದಿಯಾಗಿ ಬಾಗತೊಡಗುತ್ತದೆ. ಆಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಎಲೆಯ ಸಮೇತ ಕಿತ್ತು ನೆರಳಲ್ಲಿ ಒಣಗಿಸಿ, ಜಡೆ ಹೆಣೆದು ಗಾಳಿಯಾಡುವ ಕಡೆ ತೂಗುಹಾಕಿ.

ಹೆಣೆಯುವ ಮೊದಲು ಅತಿ ದಪ್ಪನೆಯ ಹತ್ತು ಗಡ್ಡೆ ಬೇರೆ ತೆಗೆದು ಬೇರೆ ಬಣ್ಣದ ದಾರ ಕಟ್ಟಿ. ಆಷಾಢದ ಹೊತ್ತಿಗೆ ಅಡುಗೆಮನೆಯ ಬುಟ್ಟಿ ಬರಿದಾದಾಗ ಮೊದಲು ಕೈ ಹೋಗುವುದು ಅವಕ್ಕೇ. ಆ ದಾರ ಯಾತಕ್ಕೆ ಎಂಬುದನ್ನು ಮನೆಯವರಿಗೆಲ್ಲ ಈಗಲೇ ಹೇಳಿಡಿ.

ಇಂತಿ,
ಹಿತ್ತಲಲ್ಲಿ ಬೆಳ್ಳುಳ್ಳಿ ಬೆಳೆಯುವ ಒಬ್ಬ ಗೆಳತಿ