ಮರೆತುಬಿಡಬೇಕಾದ ಭರಣಿ

ರಾತ್ರಿ ಒಂಬತ್ತೂವರೆ ದಾಟಿತೆಂದರೆ ಠಾಣೆಯ ನೌಪಾಡಾದ ಗೋಖಲೆ ರಸ್ತೆಯಲ್ಲಿ ಹಣ್ಣಿನ ಕೈಗಾಡಿಯವನ ದನಿಯೇ ಬೇರೆಯಾಗುತ್ತದೆ. ಸಂಜೆ ಆರಕ್ಕೆ ಮುಖ ಎತ್ತದೆ ರೇಟು ಹೇಳಿದವನು ಈಗ ‘ಘ್ಯಾ ಕಾಕಾ, ಸಂಪವಾಯಚಂ ಆಹೇ’ ಎಂದು ಸಂಬಂಧ ಹಚ್ಚುತ್ತಾನೆ. ಮುಗಿಸಿ ಮನೆಗೆ ಹೋಗುವ ಅವಸರ ಅವನಿಗೆ; ಅಗ್ಗ ಅಂದರೆ ಕಾಲು ತಾನಾಗಿ ನಿಲ್ಲುವ ಕಾಯಿಲೆ ನನಗೆ. ಆ ಮಾರ್ಚಿನ ರಾತ್ರಿ ನಾಸಿಕದ ಕರಿದ್ರಾಕ್ಷಿ ನೂರಕ್ಕೆ ಮೂರು ಕಿಲೋ ಇತ್ತು. ಆರು ಕಿಲೋ ತಂದೆ.

‘ಹಣ್ಣು ತಂದೀರೋ, ಗಾಡೀನ ತಂದೀರೋ?’ ಎಂದಳು ಹೆಂಡತಿ.

ನಾವು ವಿಜಯಪುರದ ಕಡೆಯವರು. ತಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳನ್ನೂ ಒಣದ್ರಾಕ್ಷಿ ಶೆಡ್ಡುಗಳನ್ನೂ ನೋಡುತ್ತ ಬೆಳೆದವರು. ದ್ರಾಕ್ಷಿ ಉಳಿದರೆ ಅಲ್ಲಿ ಒಣಗಿಸುತ್ತಾರೆ. ನಮ್ಮ ಎರಡು ಕೋಣೆಯ ಮನೆಯಲ್ಲಿ ಬನಿಯನ್ ಒಣಹಾಕಲಿಕ್ಕೇ ಸರದಿ ಇದೆ. ಆಗ ನೆನಪಾದದ್ದು ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಮಂಗಳೂರಿನ ಸಹೋದ್ಯೋಗಿ. ಪ್ರತಿ ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಗಳ ಡಬ್ಬದ ಜೊತೆ ಔಷಧಿ ಬಾಟಲಿಯಷ್ಟು ಮನೆಯ ವೈನ್ ಕೊಡುತ್ತಿದ್ದರು. ಫೋನ್ ಮಾಡಿದೆ. ದ್ರಾಕ್ಷಿಯ ಅರ್ಧ ತೂಕ ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಕ್ಕೆ ಲವಂಗ, ಚಮಚೆ ಯೀಸ್ಟ್. ‘ಮೊದಲ ವಾರ ದಿನಕ್ಕೊಂದು ಸಲ ಮರದ ಸೌಟಿನಿಂದ ತಿರುವಿ. ಆಮೇಲೆ ಬಾಯಿ ಕಟ್ಟಿ ಮರೆತುಬಿಡಿ’ ಎಂದರು. ನಾನು ಎಲ್ಲವನ್ನೂ ಬರೆದುಕೊಂಡೆ, ಕೊನೆಯ ಒಂದು ಶಬ್ದ ಬಿಟ್ಟು.

ಭರಣಿಗೇನೂ ಕೊರತೆ ಇರಲಿಲ್ಲ. ಮರಾಠಿಯಲ್ಲೂ ಅದು ಬರಣಿಯೇ. ಒಂದು ನಮ್ಮದು, ಇನ್ನೊಂದು ಕೆಳಮನೆಯ ಕಾಕೂ ಅವರದು. ಎರಡಕ್ಕೂ ಉಪ್ಪಿನಕಾಯಿಯ ವಾಸನೆ. ಬಿಸಿಲಲ್ಲಿಟ್ಟೆವು, ಹೋಗಲಿಲ್ಲ.

ಮೂರನೆಯ ದಿನ ಕಿವಿ ಹಚ್ಚಿದರೆ ಒಳಗೆ ಗುಳುಗುಳು. ದೋಸೆ ಹಿಟ್ಟು ಹುದುಗು ಬರುವುದನ್ನು ನೂರು ಸಲ ನೋಡಿದವನಿಗೂ ಇದು ಬೇರೆಯೇ ತಮಾಷೆ. ಸಿಪ್ಪೆಗಳೆಲ್ಲ ಮೇಲೆದ್ದು ದಪ್ಪ ಕಂಬಳಿಯಂತಾಗಿರುತ್ತವೆ. ಸೌಟಿನಿಂದ ಒತ್ತಿದರೆ ನಡುವೆ ಬಿರುಕು ಬಿಟ್ಟು, ನೇರಳೆ ನೊರೆ ಉಸ್ಸೆಂದು ಉಕ್ಕುತ್ತದೆ. ಯೀಸ್ಟ್ ಸಕ್ಕರೆ ತಿಂದು ತೂಕದಲ್ಲಿ ಅರ್ಧದಷ್ಟನ್ನು ಆಲ್ಕೋಹಾಲ್ ಮಾಡುತ್ತದೆ, ಉಳಿದದ್ದು ಬಹುಪಾಲು ಅನಿಲವಾಗಿ ಹೋಗುತ್ತದೆ. ಒಂದು ಕಿಲೋ ಸಕ್ಕರೆಗೆ 250 ಲೀಟರಿಗೂ ಹೆಚ್ಚು ಅನಿಲ! ಈ ಹೊತ್ತಿನಲ್ಲಿ ಭರಣಿಗೆ ಬಿಗಿ ಮುಚ್ಚಳ ಹಾಕಿದವರ ಅಡುಗೆಮನೆ ಗೋಡೆಗೆ ಮತ್ತೆ ಸುಣ್ಣ ಹಚ್ಚಬೇಕಾಗುತ್ತದೆ. ನಾನು ಪಂಜೆಯ ತುಂಡು ಕಟ್ಟಿದ್ದೆ.

ಹತ್ತು ದಿನಕ್ಕೆ ಗದ್ದಲ ನಿಂತಿತು. ಇನ್ನು ಮರೆಯಬೇಕು. ಆದರೆ ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ, ಬಾಗಿಲು ಸದಾ ತೆರೆದೇ ಇರುವ ಮನೆಯಲ್ಲಿ, ಯಾರು ಯಾವುದನ್ನು ಮರೆಯಲು ಬಿಡುತ್ತಾರೆ? ಕಾಕೂ ಕೊತ್ತಂಬರಿ ಕೇಳುವ ನೆವದಲ್ಲಿ ಬಂದು ‘ಝಾಲಂ ಕಾ?’, ಆಯ್ತಾ, ಎಂದು ಬಟ್ಟೆ ಎತ್ತಿ ಮೂಸುವರು. ಅವರ ಮೊಮ್ಮಗ ಮೂಸುವನು. ನಾನಂತೂ ರಾತ್ರಿ ನೀರು ಕುಡಿಯಲು ಎದ್ದರೆ ಟಾರ್ಚು ಹಾಕಿಯೇ ನೋಡುತ್ತಿದ್ದೆ.

ಅವ್ವ ಮಾತ್ರ ಹೊಸದೇನಲ್ಲ ಎಂದಳು. ‘ದ್ರಾಕ್ಷಾಸವ ಅಲ್ಲೇನೋ ಇದು?’ ತಪ್ಪೇನಿಲ್ಲ. ಚರಕಸಂಹಿತೆಯಲ್ಲಿ 84 ಬಗೆಯ ಆಸವಗಳ ಲೆಕ್ಕವಿದೆ. ಇಂದಿಗೂ ಔಷಧಿ ಅಂಗಡಿಯ ಆಸವದ ಬಾಟಲಿಯ ಮೇಲೆ, ತಾನಾಗಿ ಹುಟ್ಟಿದ ಆಲ್ಕೋಹಾಲ್ ಇಷ್ಟು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಏಕಾದಶಿಗೂ ಬಿಡದೆ ಅವ್ವ ಊಟದ ನಂತರ ಎರಡು ಚಮಚೆ ತೆಗೆದುಕೊಂಡವಳೇ.

ಶಾಸ್ತ್ರ ಒಪ್ಪಿದರೂ ಕಾಯ್ದೆ ಒಪ್ಪಬೇಕಲ್ಲ. ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮೂರನೇ ಮಾಳಿಗೆಯವರು ಮೆಟ್ಟಿಲಲ್ಲಿ ತಡೆದು, 1949ರ ಬಾಂಬೆ ಪ್ರೊಹಿಬಿಷನ್ ಆಕ್ಟ್, ಈಗ ಅದಕ್ಕೆ ಮಹಾರಾಷ್ಟ್ರದ ಹೆಸರು, ಇನ್ನೂ ಜೀವಂತ ಇದೆ ಎಂದರು. ಲೈಸೆನ್ಸಿಲ್ಲದೆ ಮದ್ಯ ಮಾಡುವಂತಿಲ್ಲ. ಕುಡಿಯಲಿಕ್ಕೂ ಪರ್ಮಿಟ್ ಬೇಕು. ಅಷ್ಟು ಹೇಳಿ, ದನಿ ತಗ್ಗಿಸಿ, ಯಾವಾಗ ಸೋಸುತ್ತೀರಿ ಎಂದು ಕೇಳಿದರು.

ಸೋಸಿದ್ದು ಏಪ್ರಿಲ್ ಕೊನೆಗೆ. ಬಣ್ಣ ನೋಡಿದರೆ ಮಾಣಿಕ್ಯ. ಮೊದಲ ಗುಟುಕಿಗೆ ನನ್ನ ಎಡಗಣ್ಣು ತಾನಾಗಿ ಮುಚ್ಚಿತು. ಕಾಕೂ ಬಾಯಿ ಚಪ್ಪರಿಸಿ, ಕೋಶಿಂಬಿರಿಗೆ ಚೆನ್ನಾಗಿರುತ್ತದೆ ಎಂದರು. ಗಾಳಿ ಸಿಕ್ಕರೆ ಸಾಕು, ವೈನನ್ನು ವಿನಿಗರ್ ಮಾಡುವ ಸೂಕ್ಷ್ಮಜೀವಿಗಳಿವೆ. ಠಾಣೆಯ ಏಪ್ರಿಲ್ ಸೆಕೆ ಅವಕ್ಕೆ ಹೇಳಿ ಮಾಡಿಸಿದ್ದು. ವೈನ್ ಕೆಡುವ ಬಗೆಗಳ ಮೇಲೆ ಪಾಶ್ಚರ್ 1866ರಲ್ಲಿ ಪುಸ್ತಕವನ್ನೇ ಬರೆದ. ಕೊಡಗಿನ ತಂಪಿನಲ್ಲಿ ಮನೆಮನೆಯ ವೈನ್ ಕುದುರುವುದಕ್ಕೂ ನಮ್ಮದು ಹುಳಿಯಾಗುವುದಕ್ಕೂ ಹವೆ ಒಂದು ಕಾರಣವಿರಬಹುದು. ಆದರೆ ಆ ಬಟ್ಟೆಯನ್ನು ದಿನಕ್ಕೆ ಹತ್ತು ಸಲ ಎತ್ತಿದ್ದು ಹವೆಯಲ್ಲ, ನಾವು.

ಮಂಗಳೂರಿನವರಿಗೆ ಫೋನ್ ಮಾಡಿದೆ. ‘ಮರೆತಿದ್ದಿರಾ?’ ಎಂದರು. ಸುಮ್ಮನಾದೆ.

ವಿನಿಗರಿಗೆ ಪರ್ಮಿಟ್ ಬೇಡ ಎಂದು ಮೂರನೇ ಮಾಳಿಗೆಯವರು ಖಚಿತಪಡಿಸಿದ್ದಾರೆ, ಸ್ವಲ್ಪ ಬೇಸರದಿಂದಲೇ. ಈರುಳ್ಳಿಗೆ ಹಾಕಿದೆವು, ನಲ್ಲಿಯ ಬಿಳಿ ಕಲೆ ತಿಕ್ಕಿದೆವು, ಕಾಕೂ ಮನೆಗೆ ಎರಡು ಬಾಟಲಿ ಹೋಯಿತು. ಇನ್ನೂ ಮೂರು ಲೀಟರ್ ಇದೆ. ನೌಪಾಡಾದ ಕಡೆ ಬಂದರೆ ಒಂದು ಖಾಲಿ ಬಾಟಲಿ ಹಿಡಿದುಕೊಂಡೇ ಬನ್ನಿ.