ಮಹಾಜನ ಸಾಹೇಬರಿಗೆ ಬೈಲಹೊಂಗಲದಿಂದ ಶರಣಾರ್ಥಿ

ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ ಅವರಿಗೆ,

ನೀವು 1967ರಲ್ಲೇ ತೀರಿಕೊಂಡಿರಿ ಅನ್ನೋದು ಗೊತ್ತಿದೆ. ಆದರೂ ನಿಮ್ಮ ಹೆಸರಿಲ್ಲದೆ ನಮ್ಮ ಕಡೆ ರಾಜ್ಯೋತ್ಸವ ಮುಗಿಯುವುದಿಲ್ಲ. ಮಹಾರಾಷ್ಟ್ರದ ಜೊತೆಗಿನ ಗಡಿ ಜಗಳಕ್ಕೆ ‘ಮಹಾಜನ ವರದಿಯೇ ಅಂತಿಮ’ ಎಂದು ಕೂಗಿ ಕೂಗಿ ನನ್ನ ಗಂಟಲೂ ಕಟ್ಟಿದೆ. ಅಂತಿಮವಾದದ್ದನ್ನು ಓದುವುದೇನಿದೆ ಎಂದು ಇಷ್ಟು ದಿನ ಬಿಚ್ಚಿರಲಿಲ್ಲ. ಮೊನ್ನೆ ಬಿಚ್ಚಿದೆ, ಅದಕ್ಕೇ ಈ ಪತ್ರ.

ಬೆಳಗಾವಿ ನಮಗೇ ಇರಲಿ ಎಂದಿರಿ, ಸಂತೋಷ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯವೂ ಸೇರಿ 247 ಹಳ್ಳಿ ಇತ್ತ ಬರಲಿ ಎಂದಿರಿ; ಅದೂ ಸಂತೋಷ. ಅತ್ತ ಹೋಗಲಿ ಎಂದ 264ರಲ್ಲಿ ಮಾತ್ರ ನಿಪ್ಪಾಣಿಯ ಜೊತೆ ನಂದಗಡವೂ ಇದೆಯಲ್ಲ ಸಾಹೇಬರೆ! 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು, ಅವನ ಸಮಾಧಿ ಇರುವ ಊರು. ಮಕ್ಕಳ ಫಲ ಬೇಡಿ ಅಲ್ಲಿನ ಆಲದ ಮರಕ್ಕೆ ತೊಟ್ಟಿಲು ಕಟ್ಟುವ ನಮ್ಮ ಹೆಣ್ಣುಮಕ್ಕಳು ಪರರಾಜ್ಯಕ್ಕೆ ಹೋಗಿ ಕಟ್ಟಿ ಬರಬೇಕಿತ್ತು. ಅಂದರೆ ರಾಯಣ್ಣನ ಪಟ ಎತ್ತಿ ಹಿಡಿದೇ ನಾವು, ರಾಯಣ್ಣನ ಸಮಾಧಿ ಬಿಟ್ಟುಕೊಡಿ ಎಂದು ವರ್ಷಗಟ್ಟಲೆ ಕೂಗಿದ್ದೇವೆ.

ಪುಣ್ಯಕ್ಕೆ, ಆ ಕಡೆಯ ಹೋರಾಟಗಾರ ಸೇನಾಪತಿ ಬಾಪಟರು ಉಪವಾಸ ಕೂತು ಕೇಳಿದ ಆಯೋಗದ ವರದಿಯನ್ನು ಮಹಾರಾಷ್ಟ್ರವೇ ಒಲ್ಲೆ ಎಂದಿತು. ಒಲ್ಲೆವೆಂದು ಅವರು, ಅಂತಿಮವೆಂದು ನಾವು. ನಡುವೆ ರಾಯಣ್ಣ ಇದ್ದಲ್ಲೇ ಉಳಿದ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಬೇರೆ ಇದೆ.

ನೀವು 1947ರಲ್ಲಿ ರ‍್ಯಾಡ್‌ಕ್ಲಿಫ್ ಜೊತೆ ಪಂಜಾಬಿನ ಗಡಿ ಆಯೋಗದಲ್ಲೂ ಕೂತವರು. ದೇಶ ಹೋಳಾದದ್ದು ಕಂಡ ಕಣ್ಣಿಗೆ ನಮ್ಮ ಜಗಳ ಹೇಗೆ ಕಂಡಿತೋ. ಭಾರತ, ಬಾಂಗ್ಲಾದೇಶ 2015ರಲ್ಲಿ ಒಂದೇ ರಾತ್ರಿಗೆ 162 ತುಂಡು ನೆಲ ಅದಲು ಬದಲು ಮಾಡಿಕೊಂಡವು, ಯಾವ ದೇಶ ಬೇಕೆಂದು ಅಲ್ಲಿದ್ದವರನ್ನು ಮೊದಲೇ ಕೇಳಿ. ಅವು ಬರೀ ದೇಶಗಳು, ಮಾಡಿಕೊಂಡಾವು. ನಾವು ರಾಜ್ಯಗಳು. 2022ರ ಡಿಸೆಂಬರಿನಲ್ಲಿ ಗಡಿ ದಾಟುವ ಬಸ್ಸುಗಳೇ ನಿಂತವು. ಆಮೇಲೆ ದಿಲ್ಲಿಯಲ್ಲಿ, ಆ ಕಡೆಯಿಂದ ಮೂವರು ಈ ಕಡೆಯಿಂದ ಮೂವರು ಮಂತ್ರಿಗಳು ಕೂತು ಮಾತಾಡಲಿ ಎಂದಾಯಿತು.

ಈ ಗದ್ದಲ ಸವದತ್ತಿಗೆ ಮಾತ್ರ ಯಾಕೋ ಮುಟ್ಟುವುದಿಲ್ಲ. ಹುಣ್ಣಿಮೆ ಬಂದರೆ ಕೊಲ್ಹಾಪುರದ ಕಡೆಯ ಮಂದಿ ಭಂಡಾರ ಹಚ್ಚಿಕೊಂಡು ಯಲ್ಲಮ್ಮನ ಗುಡ್ಡ ಏರುತ್ತಾರೆ. ‘ಉಧೋ ಉಧೋ’ ಅನ್ನುವುದು ಕನ್ನಡವೋ ಮರಾಠಿಯೋ ಎಂದು ಯಾರೂ ತಡೆದು ಕೇಳಿದ್ದಿಲ್ಲ. ಕಾಯಿ ಮಾರುವವರಂತೂ ಎರಡೂ ಭಾಷೆಯಲ್ಲಿ ಒಂದೇ ರೇಟು ಹೇಳಿ, ಎರಡೂ ಭಾಷೆಯಲ್ಲಿ ಚೌಕಾಸಿಗೆ ಸಿಟ್ಟಾಗುತ್ತಾರೆ.

ಒಂದೇ ಕೋರಿಕೆ: ನಾನು ನಂದಗಡದ ಆ ಪುಟ ನೋಡಿದೆನೆಂದು ಯಾರಿಗೂ ಹೇಳಬೇಡಿ. ನವೆಂಬರ್ 1 ಹತ್ತಿರ ಬಂತು, ಬ್ಯಾನರ್ ಆಗಲೇ ಪ್ರಿಂಟಾಗಿದೆ. ಮೇಲೆ ಕುದುರೆ ಏರಿದ ರಾಯಣ್ಣ, ಕೆಳಗೆ ದಪ್ಪ ಅಕ್ಷರದಲ್ಲಿ ನಿಮ್ಮ ವರದಿ.

ಇಂತಿ,
ಗಂಟಲು ಕಟ್ಟಿದ ಒಬ್ಬ ಕನ್ನಡಿಗ