ಬೆಂಡು ಸರಿಸಿದ ಮಧ್ಯಾಹ್ನ

ವಿಜಯಪುರದ ಕಡೆ ಮೇ ತಿಂಗಳ ಮಧ್ಯಾಹ್ನ ಬುದ್ಧಿ ನೆಟ್ಟಗಿದ್ದವರು ಹೊಸ್ತಿಲು ದಾಟುವುದಿಲ್ಲ. ನಾನು ತಲೆಗೆ ಟವೆಲ್ ಸುತ್ತಿಕೊಂಡು ಮಮದಾಪುರದ ಕೆರೆ ದಂಡೆಯಲ್ಲಿದ್ದೆ. ಗೋಳಗುಮ್ಮಟದ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆ ಇದು. ಕೈಯಲ್ಲಿ ಅಮೆರಿಕದ ಅಳಿಯ ಬಿಟ್ಟುಹೋದ ಗಾಳದ ಕೋಲು. ಇದಕ್ಕೆ ಎರೆಹುಳ ಬೇಡವಂತೆ. ಕೊಕ್ಕೆಗೆ ಪುಕ್ಕ ಸುತ್ತಿ ನೊಣದ ವೇಷ ಹಾಕಿದರೆ ಸಾಕಂತೆ. ಅಲ್ಲಿಯ ಬ್ಲೂಗಿಲ್ ಎಂಬ ಅಂಗೈಯಗಲದ ಮೀನು ಈ ಬಯಲಾಟಕ್ಕೆ ಮರುಳಾಗುತ್ತದಂತೆ.

ನಮ್ಮಲ್ಲಿ ಅದಿಲ್ಲ, ಅಷ್ಟೇ ಚಪ್ಪಟೆಯಾದ ಜಿಲೇಬಿ ಉಂಟು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ಮೀನು. ತಾಯಿ ಮೊಟ್ಟೆ, ಮರಿಗಳನ್ನು ಬಾಯೊಳಗೇ ಕಾಯುತ್ತದೆ, ಅಷ್ಟು ದಿನ ಹೆಚ್ಚುಕಡಿಮೆ ಉಪವಾಸ. ಒಂದು ತಾಸು ಏನೂ ಕಚ್ಚದಿದ್ದಾಗ, ಕೆರೆ ತುಂಬ ಬಾಣಂತಿಯರೇ ಇರಬೇಕೆಂದು ಸಮಾಧಾನಪಟ್ಟೆ.

ಬೀಸಿ ಎಸೆಯುವಾಗ ದಾರ ಮೊದಲು ಬೆನ್ನ ಹಿಂದೆ ಹಾರಬೇಕು. ಹಿಂದೆ ಜಾಲಿ ಗಿಡ. ನೊಣ ಅಲ್ಲಿಯೇ ಸಂಸಾರ ಹೂಡಿತು.

ಪಕ್ಕದಲ್ಲಿದ್ದ ಕಾಕಾ ನಗಲಿಲ್ಲ, ಅದೇ ಹೆಚ್ಚು ನೋವಾಯಿತು. "ತಮ್ಮಾ, ಇಷ್ಟು ಬಿಸಲಾಗ ದಂಡಿಗೆ ಬಂದು ನಿನ್ನ ಮಾರಿ ನೋಡಾಕ ಮೀನಕ್ಕೇನ ಹುಚ್ಚ ಹಿಡದೈತೇನು?" ಎಂದರು. ಅವರದು ಬಿದಿರು ಕೋಲು, ಜೋಳದ ದಂಟಿನ ಬೆಂಡು, ಕಣಕದ ಉಂಡೆ. ಬೆಂಡನ್ನು ದಾರದ ಮೇಲೆ ಒಂದು ಗೇಣು ಸರಿಸಿದರು, ಕಾದರು, ಇನ್ನೊಂದು ಗೇಣು ಸರಿಸಿದರು. ಕೊಕ್ಕೆ ಅಷ್ಟಷ್ಟೇ ಕೆಳಗಿಳಿಯಿತು. ದಂಡೆಯ ನೀರು ಕಾದರೆ ಅದರಲ್ಲಿ ಉಸಿರು ಕಡಿಮೆ. ತೀರ ತಳದಲ್ಲಿ ಕೊಳೆತ ರಾಡಿ, ಅಲ್ಲೂ ಉಸಿರಿಲ್ಲ. ಮೀನು ನಡುವಿನ ತಂಪು ಹುಡುಕುತ್ತದೆ. ಕುಮಟಗಿಯಲ್ಲಿ ನೀರ ನಡುವೆ ಮಹಲು ಕಟ್ಟಿಸಿಕೊಂಡ ಸುಲ್ತಾನರೂ ಹುಡುಕಿದ್ದು ಅದನ್ನೇ.

ನಾಲ್ಕನೆಯ ಗೇಣಿಗೆ ಬೆಂಡು ಒಮ್ಮೆ ತಲೆದೂಗಿತು, ಮತ್ತೊಮ್ಮೆ ದೂಗಿ ಮುಳುಗಿತು. ಸಂಜೆಯೊಳಗೆ ಕಾಕಾನ ಬುಟ್ಟಿಯಲ್ಲಿ ಆರು ಜಿಲೇಬಿ.

ತಿಕೋಟಾ, ಬಬಲೇಶ್ವರದ ಕಡೆ ಏತ ನೀರಾವರಿಯಿಂದ ಕೃಷ್ಣೆ ಕೆರೆಗಳಿಗೆ ಬರತೊಡಗಿದ ಮೇಲೆ ನಮಗೂ ಇಂಥ ಹವ್ಯಾಸಗಳು ಹುಟ್ಟಿವೆ. ಮೊದಲು ಬೇಸಗೆಯಲ್ಲಿ ಆಳದ ಮಾತೇ ಇರಲಿಲ್ಲ, ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಹೊತ್ತು ಮುಳುಗಿ ತಂಪಾದ ಮೇಲೆ ರೊಟ್ಟಿ ಬಿಚ್ಚಿದೆವು. ಕೈ ತೊಳೆಯಲು ನೀರಿಗೆ ಬಗ್ಗಿದರೆ, ಮೊಣಕಾಲುದ್ದದ ನೀರಿಗೆ ಜಿಲೇಬಿಗಳು ತಾವಾಗಿ ಬಂದು ಬೆರಳಿಗೆ ಅಂಟಿದ್ದ ರೊಟ್ಟಿ ಚೂರಿಗೆ ಬಾಯಿ ಹಾಕುತ್ತಿದ್ದವು. ನನ್ನ ಗಾಳ ಜಾಲಿಯಲ್ಲಿ ತೂಗುತ್ತಿತ್ತು.